ಕಾರವಾರದ ಸಮ್ಮೇಳನ, ಅಂಕೋಲೆಯ ಊಟ

2024ರ ಆಗಸ್ಟ್ 7ರ ನಸುಕಿನಲ್ಲಿ ಕಾರವಾರದ ಬಳಿ ಕಾಳಿ ನದಿಯ ಹಳೆಯ ಸೇತುವೆ ಕುಸಿದು ಬಿದ್ದ ಸುದ್ದಿಯನ್ನು ನಾನು ಧಾರವಾಡದ ನಮ್ಮ ಮನೆಯಲ್ಲಿ ಕುಳಿತು ಟಿ.ವಿ.ಯಲ್ಲಿ ನೋಡಿದೆ. ಕೋಡಿಬಾಗವನ್ನೂ ಸದಾಶಿವಗಡವನ್ನೂ ಜೋಡಿಸಿದ್ದ ಆ ಸೇತುವೆಯ ಜೊತೆಗೆ ಒಂದು ಲಾರಿಯೂ ನದಿಗೆ ಬಿದ್ದಿತು. ಪುಣ್ಯಕ್ಕೆ ಚಾಲಕ ಬದುಕಿಕೊಂಡ. ಮುರಿದ ಕಮಾನುಗಳನ್ನು ಮತ್ತೆ ಮತ್ತೆ ತೋರಿಸುತ್ತಿದ್ದರು. ನನಗೆ ಮಾತ್ರ ಆ ಸೇತುವೆ ಹೊಸದಾಗಿದ್ದ ಕಾಲ ಕಣ್ಣ ಮುಂದೆ ಬಂತು. 1986ರ ಜನವರಿಯ ಒಂದು ಸಂಜೆ ಅದರ ಕಟಾಂಜನಕ್ಕೆ ಕೈಯೂರಿ ನಿಂತು, ನದಿ ಸಮುದ್ರಕ್ಕೆ ಸೇರುವ ಜಾಗವನ್ನು ಮೊದಲ ಬಾರಿಗೆ ನೋಡಿದ್ದೆ. ಬಯಲು ಸೀಮೆಯಲ್ಲಿ ಹುಟ್ಟಿ ಬೆಳೆದ ನನಗೆ ಅಷ್ಟು ನೀರನ್ನು ಒಟ್ಟಿಗೆ ಕಂಡ ಅನುಭವ ಅಲ್ಲಿಯವರೆಗೆ ಇರಲಿಲ್ಲ.

ಅಲ್ಲಿಗೆ ನಾನು ಹೋದದ್ದು ರೋಟರಿಯವರ ಒಂದು ಪ್ರಾದೇಶಿಕ ಸಮಾವೇಶಕ್ಕೆ. ನಾನು ರೋಟರಿ ಸದಸ್ಯನಾಗಿರಲಿಲ್ಲ, ಮುಂದೆಯೂ ಆಗಲಿಲ್ಲ. ಪ್ರೌಢಶಾಲಾ ಶಿಕ್ಷಕನ ಅಂದಿನ ಸಂಬಳಕ್ಕೆ ಅದು ನಿಲುಕುವ ಹಣ್ಣಲ್ಲ. ನಾನು ಕೆಲಸ ಮಾಡುತ್ತಿದ್ದ ಊರಿನ ರೋಟರಿಯವರು ನಮ್ಮ ಶಾಲೆಯಲ್ಲಿ ಇಂಟರ‍್ಯಾಕ್ಟ್ ಕ್ಲಬ್ ನಡೆಸುತ್ತಿದ್ದರು. 1962ರಿಂದ ಅವರು ಪ್ರೌಢಶಾಲೆಯ ಮಕ್ಕಳಿಗಾಗಿ ಇಟ್ಟುಕೊಂಡು ಬಂದಿರುವ ಸಂಘಟನೆ ಅದು. ಹೊಸದಾಗಿ ಕೆಲಸಕ್ಕೆ ಸೇರಿದ, ಮದುವೆಯಾಗದ ಶಿಕ್ಷಕನ ಕೊರಳಿಗೆ ಇಂಥ ಹೊಣೆಗಳು ಬೀಳುವುದು ಎಲ್ಲ ಶಾಲೆಗಳ ಅಲಿಖಿತ ನಿಯಮ. ಹಾಗಾಗಿ ಹುಬ್ಬಳ್ಳಿಯಿಂದ ಕಲಘಟಗಿ, ಯಲ್ಲಾಪುರ ದಾಟಿ, ಅರಬೈಲು ಘಟ್ಟದ ತಿರುವುಗಳಲ್ಲಿ ಹೊಟ್ಟೆ ತೊಳಸಿಕೊಂಡು ನಾನೂ ಕೆಳಗಿಳಿದೆ.

ಸಮಾವೇಶಕ್ಕೆ ಬೆಳಗಾವಿ, ಹುಬ್ಬಳ್ಳಿ, ಗೋವೆ, ಕೊಲ್ಲಾಪುರಗಳ ಕಡೆಯಿಂದ ಜನ ಬಂದಿದ್ದರು. ಎರಡು ದಿನಗಳ ಭಾಷಣಗಳಲ್ಲಿ ಹೆಚ್ಚಿನವು ನೆನಪಿಲ್ಲ, ನೆನಪಿಡುವಂಥವೂ ಆಗಿರಲಿಲ್ಲ. ಆದರೆ ಹಿರಿಯ ಸದಸ್ಯರೊಬ್ಬರು ಸಂಸ್ಥೆಯ ಹುಟ್ಟಿನ ಕಥೆಯನ್ನು ಹೇಳಿದ್ದು ಮನಸ್ಸಿನಲ್ಲಿ ಉಳಿಯಿತು. 1905ರ ಫೆಬ್ರವರಿ 23ರಂದು ಅಮೆರಿಕದ ಶಿಕಾಗೊ ನಗರದಲ್ಲಿ ಪಾಲ್ ಹ್ಯಾರಿಸ್ ಎಂಬ ವಕೀಲನು ಮೂವರು ಗೆಳೆಯರೊಡನೆ ಒಂದು ಕಚೇರಿಯಲ್ಲಿ ಕುಳಿತು ಮಾತಾಡಿದ. ಗೆಳೆಯರಲ್ಲಿ ಒಬ್ಬ ಗಣಿ ಎಂಜಿನಿಯರ್, ಒಬ್ಬ ಕಲ್ಲಿದ್ದಲ ವ್ಯಾಪಾರಿ, ಒಬ್ಬ ದರ್ಜಿ. ಹಳ್ಳಿಗಾಡಿನಲ್ಲಿ ಬೆಳೆದ ಹ್ಯಾರಿಸ್‌ಗೆ ಆ ಮಹಾನಗರದಲ್ಲಿ ಒಡನಾಡಿಗಳಿಲ್ಲದ ಬೇಸರ. ಒಂದು ಸಲ ಒಬ್ಬನ ಕಚೇರಿಯಲ್ಲಿ, ಇನ್ನೊಂದು ಸಲ ಮತ್ತೊಬ್ಬನಲ್ಲಿ, ಹೀಗೆ ಸರದಿಯ ಮೇಲೆ ಸೇರುತ್ತಿದ್ದುದರಿಂದ ಸಂಘಕ್ಕೆ ‘ರೋಟರಿ’ ಎಂಬ ಹೆಸರಾಯಿತು. ಇಂದು ನೀನು ಅತಿಥಿ, ನಾಳೆ ನಾನು. ಭಾರತಕ್ಕೆ ಅದು ಕಲಕತ್ತೆಯ ಮೂಲಕ 1920ರ ಹೊತ್ತಿಗೆ ಬಂತು.

ಅದೇ ವೇದಿಕೆಯಲ್ಲಿ, ಹಿಂದಿನ ವರ್ಷವಷ್ಟೇ ಸಂಸ್ಥೆ ಕೈಗೆತ್ತಿಕೊಂಡಿದ್ದ ಪೋಲಿಯೊ ನಿರ್ಮೂಲನದ ಯೋಜನೆಯ ಬಗ್ಗೆಯೂ ಮಾತಾಡಿದರು. ಕೋಟು ತೊಟ್ಟ ಈ ಮಹನೀಯರು ಭೂಮಿಯಿಂದ ಒಂದು ರೋಗವನ್ನು ಓಡಿಸುತ್ತಾರಂತೆ ಎಂದು ನಾನು ಹಿಂದಿನ ಸಾಲಿನಲ್ಲಿ ಕುಳಿತು ಮುಗುಳ್ನಕ್ಕಿದ್ದೆ. 2011ರ ಜನವರಿಯ ಬಳಿಕ ನಮ್ಮ ದೇಶದಲ್ಲಿ ಕಾಡು ಪೋಲಿಯೊ ಪ್ರಕರಣ ಕಂಡಿಲ್ಲ. 2014ರಲ್ಲಿ ಭಾರತವನ್ನು ಪೋಲಿಯೊಮುಕ್ತವೆಂದು ಸಾರಿದರು. ಸರಕಾರದ, ಆರೋಗ್ಯ ಕಾರ್ಯಕರ್ತರ ದುಡಿಮೆಯ ಜೊತೆಗೆ ಅವರ ಪಾಲೂ ಅದರಲ್ಲಿತ್ತು. ನನ್ನ ನಗೆಯನ್ನು ನಾನು ಎಂದೋ ಹಿಂತೆಗೆದುಕೊಂಡಿದ್ದೇನೆ.

ಇನ್ನು ವಸತಿಯ ಮಾತು. ಕಾರವಾರದ ಲಾಡ್ಜುಗಳು ತುಂಬಿಹೋಗಿದ್ದವು. ದೊಡ್ಡವರಿಗೆ ಪ್ರವಾಸಿ ಮಂದಿರ, ಉಳಿದವರನ್ನು ಸದಸ್ಯರ ಮನೆಗಳಿಗೆ ಹಂಚಿದರು. ಹಂಚಿಕೆಯ ಪಟ್ಟಿಯಲ್ಲಿ ಹೆಸರಿನ ಮುಂದೆ ಒಂದು ಕಾಲಂ ಇತ್ತು: ಸಸ್ಯಾಹಾರಿ, ಮಾಂಸಾಹಾರಿ. ವಿಶ್ವಭ್ರಾತೃತ್ವದ ಸಭೆಯಲ್ಲಿಯೂ ಈ ಕಾಲಂ ಇಲ್ಲದೆ ಆಗದು. ಅದರ ಹಿಂದೆ ಇನ್ನೊಂದು, ಬರೆಯದ ಕಾಲಂ ಇರುವುದೂ ಎಲ್ಲರಿಗೂ ತಿಳಿದದ್ದೇ. ಪಟ್ಟಿ ಮಾಡಿದವರ ಅವಸರದಲ್ಲಿ ಸಸ್ಯಾಹಾರಿಯಾದ ನಾನು ಮೀನಿಲ್ಲದೆ ಊಟವೇ ಇಲ್ಲದ ಒಂದು ನಾಡವರ ಮನೆಯ ಪಾಲಿಗೆ ಬಂದೆ. ಮನೆ ಇದ್ದದ್ದು ಅಂಕೋಲೆ ತಾಲೂಕಿನಲ್ಲಿ, ಕಾರವಾರದ ಗಡಿಗೆ ಹತ್ತಿರದ, ಹೆದ್ದಾರಿಯಿಂದ ಸಮುದ್ರದ ಕಡೆಗೆ ಇಳಿಯುವ ಒಂದು ಹಳ್ಳಿಯಲ್ಲಿ. ಆ ಮನೆಯವರ ಹೆಸರನ್ನಾಗಲಿ ಊರಿನ ಹೆಸರನ್ನಾಗಲಿ ಇಲ್ಲಿ ಬರೆಯುವುದಿಲ್ಲ. ಕಾರಣ ಓದುತ್ತ ಹೋದಂತೆ ತಿಳಿದೀತು.

ಯಜಮಾನರ ಸ್ಕೂಟರಿನ ಹಿಂದೆ ಕುಳಿತು ಕತ್ತಲಾದ ಮೇಲೆ ಹೋದೆವು. ಹೆಂಚಿನ ಮನೆ, ಸಾರಿಸಿದ ಅಂಗಳ, ತುಳಸಿಕಟ್ಟೆ, ತೆಂಗಿನ ಮರಗಳ ಹಿಂದೆ ಕಾಣದ ಸಮುದ್ರದ ಸದ್ದು. ಜಗಲಿ ಹತ್ತುತ್ತಿದ್ದಂತೆ ಕಾಲಿಗೆ ನೀರು, ಕೈಗೆ ಬೆಲ್ಲ ಮತ್ತು ತಂಬಿಗೆ. ಮನೆಯ ಹೆಂಗಸು, ನಾನು ಅಂದಿನಿಂದ ‘ಅಕ್ಕ’ ಎಂದು ಕರೆಯುತ್ತ ಬಂದವರು, ನನ್ನ ಮುಖ ನೋಡಿ, “ಮಾಸ್ತರು ಮೀನು ತಿಂಬುದಿಲ್ಲ ಅಂದ್ರಂತೆ?” ಎಂದು ಗಂಡನನ್ನು ಕೇಳಿದರು. ನನಗೆ ನಾಚಿಕೆಯಾಯಿತು. ಎರಡು ರಾತ್ರಿ, ಎರಡು ಹಗಲು ಆ ಮನೆಯ ಒಲೆಯ ಮೇಲೆ ಮೀನು ಏರಲಿಲ್ಲ. ಮಕ್ಕಳು ಗೊಣಗಿದ್ದು ಅಡುಗೆಮನೆಯಿಂದ ನನ್ನ ಕಿವಿಗೂ ಬಿತ್ತು. ಬಸಳೆ ಹುಳಿ, ಹೆಸರುಕಾಳಿನ ಗಸಿ, ಮುರುಗಲ ಹಣ್ಣಿನ ಸಾರು, ಹೊಸ ಕುಚ್ಚಲಕ್ಕಿಯ ಅನ್ನ. ಎರಡನೆಯ ರಾತ್ರಿ ಮಾತ್ರ ಎಲೆಯ ಮೇಲೆ ಒಂದು ವಿಚಿತ್ರ ವಸ್ತು ಬಂದು ಬಿತ್ತು. ಅಂಚು ಹರಿದ, ನಡುವೆ ದಪ್ಪ, ಒಂದು ಮಗ್ಗುಲು ಕರಿದಾದ ಆಕೃತಿ. ಅದು ಜೋಳದ ರೊಟ್ಟಿ! ಧಾರವಾಡದ ಕಡೆಯವರಿಗೆ ರೊಟ್ಟಿಯಿಲ್ಲದೆ ಊಟ ಸೇರದು ಎಂದು ಯಾರೋ ಹೇಳಿದ್ದರಂತೆ; ಅಂಕೋಲೆಯ ಪೇಟೆಯಲ್ಲಿ ಹುಡುಕಿಸಿ ಜೋಳದ ಹಿಟ್ಟು ತರಿಸಿದ್ದರು. ತಟ್ಟಿ ಅಭ್ಯಾಸವಿಲ್ಲದ ಕೈ. ನಾನು ಎರಡು ತಿಂದೆ, ಮೂರನೆಯದನ್ನು ಕೇಳಿ ಹಾಕಿಸಿಕೊಂಡೆ.

ಆಗ ಜಗಲಿಯ ಮೇಲೆ ಕವಳ ಹಾಕುತ್ತ ಕುಳಿತಿದ್ದ ಆ ಮನೆಯ ಅಜ್ಜ ನಕ್ಕರು. ಎಪ್ಪತ್ತರ ಆಸುಪಾಸಿನ ಮನುಷ್ಯ. “ನಮ್ಮ ಮಾಮಿ ಚೆನ್ನಾಗಿ ತಟ್ಟತಿತ್ತು ಮಾಸ್ತರೆ. ಮೂವತ್ತನೇ ಇಸವಿಯಲ್ಲೇ ಕಲ್ತಿತ್ತು. ಆ ವಿದ್ಯೆ ಈ ಮನೆಗೆ ಬರಲಿಲ್ಲ” ಎಂದರು. ಇತಿಹಾಸದ ಪಾಠವನ್ನು ಪುಸ್ತಕದಿಂದ ಓದಿ ಹೇಳುತ್ತಿದ್ದ ನನಗೆ ಆ ರಾತ್ರಿ ಅದು ಎದುರಿಗೆ ಬಂದು ಕುಳಿತಂತಾಯಿತು.

1930ರಲ್ಲಿ ಅಜ್ಜ ಹದಿನಾಲ್ಕು ವರ್ಷದ ಹುಡುಗ. ಅಂಕೋಲೆಯ ಬಳಿ ಸೋದರಮಾವನ ಮನೆಯಲ್ಲಿದ್ದುಕೊಂಡು ಓದುತ್ತಿದ್ದರು. ಗಾಂಧೀಜಿ ದಂಡಿಯಲ್ಲಿ ಉಪ್ಪು ಎತ್ತಿದ್ದು ಏಪ್ರಿಲ್ 6ರಂದು. ಕರ್ನಾಟಕದ ಉಪ್ಪಿನ ಸತ್ಯಾಗ್ರಹಕ್ಕೆ ನಾಯಕರು ಆರಿಸಿಕೊಂಡ ಸ್ಥಳ ಅಂಕೋಲೆ. ಜಲಿಯನ್‌ವಾಲಾ ಬಾಗಿನ ದುರಂತದ ದಿನವಾದ ಏಪ್ರಿಲ್ 13ರಂದು ಎಂ. ಪಿ. ನಾಡಕರ್ಣಿಯವರ ನಾಯಕತ್ವದಲ್ಲಿ ಅಲ್ಲಿ ಕಾನೂನು ಮುರಿದರು. ಆ ಉಪ್ಪಿನ ಪೊಟ್ಟಣವನ್ನು ಹರಾಜು ಹಾಕಿದರು. ಹುಬ್ಬಳ್ಳಿ, ಧಾರವಾಡ, ಬೆಳಗಾವಿಗಳಿಂದ, ದಕ್ಷಿಣದಲ್ಲಿ ಮಂಗಳೂರಿನ ಕಡೆಯಿಂದ ಸ್ವಯಂಸೇವಕರು ಬಂದರು. ಹುಬ್ಬಳ್ಳಿಯ ಡಾ. ಹರ್ಡೀಕರರು ಕಟ್ಟಿದ ಹಿಂದುಸ್ತಾನಿ ಸೇವಾದಳದ ಶಿಸ್ತು ಆ ಕಾಲದ ಸತ್ಯಾಗ್ರಹಿಗಳಿಗೆ ಬೆನ್ನೆಲುಬಾಗಿತ್ತು. ಪಾಠಪುಸ್ತಕಗಳು ಇಷ್ಟನ್ನು ಹೇಳಿ ನಿಲ್ಲುತ್ತವೆ. ಇಷ್ಟು ಜನ ಎಲ್ಲಿ ಮಲಗಿದರು, ಏನು ಉಂಡರು ಎಂಬುದನ್ನು ಯಾವ ಪಾಠವೂ ಹೇಳುವುದಿಲ್ಲ; ನಾನೂ ಅಲ್ಲಿಯವರೆಗೆ ಒಂದು ತರಗತಿಯಲ್ಲೂ ಕೇಳಿರಲಿಲ್ಲ.

ಮಾವನ ಮನೆಯ ಜಗಲಿಯಲ್ಲಿ ಹನ್ನೊಂದು ಮಂದಿ ಮಲಗುತ್ತಿದ್ದರಂತೆ. ಹುಡುಗನಾಗಿದ್ದ ಅಜ್ಜನಿಗೆ ಬಾವಿಯಿಂದ ನೀರು ಸೇದುವ ಕೆಲಸ. ಬಂದವರಲ್ಲಿ ಘಟ್ಟದ ಮೇಲಿನ ಇಬ್ಬರಿಗೆ ಕುಚ್ಚಲಕ್ಕಿಯ ಗಂಜಿ ಹಿಡಿಸದೆ ಹೊಟ್ಟೆ ಕೆಟ್ಟಿತು. ಮಾಮಿ ಅವರನ್ನೇ ಕೇಳಿ, ಅವರಿಂದಲೇ ತೋರಿಸಿಕೊಂಡು, ರೊಟ್ಟಿ ತಟ್ಟುವುದನ್ನು ಕಲಿತಳು. “ಅವ್ರ ಜಾತಿ ಯಾವುದು ಅಂತ ಮಾಮ ಕೇಳಲಿಲ್ಲ. ಕೇಳುಕೆ ಪುರಸೊತ್ತೂ ಇರಲಿಲ್ಲ” ಎಂದು ಅಜ್ಜ ಕವಳ ಉಗಿದು ಬಂದು ಹೇಳಿದರು. ಅವರು ಅದನ್ನು ದೊಡ್ಡಸ್ತಿಕೆಗೆ ಹೇಳಿದ್ದಲ್ಲ.

ಆ ಆತಿಥ್ಯಕ್ಕೆ ಬೆಲೆ ತೆರಬೇಕಾಗಿ ಬಂದದ್ದು ಎರಡು ವರ್ಷಗಳ ಬಳಿಕ. 1932ರಲ್ಲಿ ಕಾನೂನುಭಂಗದ ಎರಡನೆಯ ಸುತ್ತು ನಡೆದಾಗ ಅಂಕೋಲೆ ಮತ್ತು ಸಿದ್ದಾಪುರ ತಾಲೂಕುಗಳ ರೈತರು ಭೂಕಂದಾಯ ಕೊಡಲು ನಿರಾಕರಿಸಿದರು. ಗುಜರಾತಿನ ಬಾರ್ಡೋಲಿಯ ಹೆಸರನ್ನು ಅಂಕೋಲೆಗೆ ಹಚ್ಚಿ ‘ಕರ್ನಾಟಕದ ಬಾರ್ಡೋಲಿ’ ಎಂದು ಕರೆಯತೊಡಗಿದ್ದು ಈ ಹೋರಾಟಗಳಿಂದ. ಹೆಸರು ಚೆನ್ನಾಗಿದೆ, ಆದರೆ ಅದರ ಅಡಿಯಲ್ಲಿ ಹಂಡೆ, ಕೊಡ, ದನಕರು, ಕೊನೆಗೆ ಗದ್ದೆಗಳೇ ಜಪ್ತಿಯಾದವು. ಹರಾಜಿನಲ್ಲಿ ಜಮೀನು ಪರರ ಪಾಲಾಯಿತು. ಸೂರ್ವೆ, ಕಣಗಿಲ, ಹಿಚ್ಕಡಗಳಂಥ ಹಳ್ಳಿಗಳಲ್ಲಿ ನಾಡವರೂ ಅವರ ಜೊತೆ ಇತರರೂ ಬೀದಿಗೆ ಬಂದರು. ಗಂಡಸರು ಜೈಲಿನಲ್ಲಿದ್ದಾಗ ಮನೆ ನಡೆಸಿದವರು ಹೆಂಗಸರು. ಅಜ್ಜನ ಮಾವನ ಗದ್ದೆಯೂ ಹೋಯಿತು. ಹುಡುಗನ ಓದೂ ಅಲ್ಲಿಗೆ ನಿಂತಿತು. 1937ರಲ್ಲಿ ಮುಂಬಯಿ ಪ್ರಾಂತದಲ್ಲಿ ಕಾಂಗ್ರೆಸ್ ಮಂತ್ರಿಮಂಡಲ ಬಂದ ಬಳಿಕ ಜಮೀನುಗಳನ್ನು ಮೂಲ ಒಡೆಯರಿಗೆ ಮರಳಿಸುವ ಕೆಲಸ ನಡೆಯಿತು. “ನಮ್ಮ ಮಾವಂಗೆ ಗದ್ದೆ ಬಂತು, ಬೇಸಾಯ ಮಾಡುಕೆ ಮೈಯಲ್ಲಿ ತ್ರಾಣ ಬರಲಿಲ್ಲ” ಎಂದರು ಅಜ್ಜ.

ಆ ರಾತ್ರಿ ಚಾಪೆಯ ಮೇಲೆ ಮಲಗಿ ಯೋಚಿಸಿದ್ದನ್ನು ಇಲ್ಲಿ ಸ್ವಲ್ಪ ತಿದ್ದಿ ಬರೆಯುತ್ತೇನೆ, ಏಕೆಂದರೆ ಕೆಲವು ಸಂಗತಿಗಳು ನನಗೆ ಆಮೇಲೆ ತಿಳಿದವು. ಶಿಕಾಗೊದಲ್ಲಿ ರೋಟರಿ ಹುಟ್ಟಿದ ಅದೇ 1905ರ ಜೂನ್ 12ರಂದು ಪುಣೆಯಲ್ಲಿ ಗೋಪಾಲಕೃಷ್ಣ ಗೋಖಲೆಯವರು ಭಾರತ ಸೇವಕ ಸಮಾಜವನ್ನು ಸ್ಥಾಪಿಸಿದರು. ಅದನ್ನು ಸೇರುವವನು ಏಳು ಪ್ರತಿಜ್ಞೆ ಮಾಡಬೇಕಿತ್ತು; ಅವುಗಳಲ್ಲಿ ಒಂದು, ಜಾತಿಮತಗಳನ್ನು ಎಣಿಸದೆ ಭಾರತೀಯರೆಲ್ಲರನ್ನೂ ಸಹೋದರರೆಂದು ಕಾಣುವುದು. ತನಗಾಗಿ ಹಣ ಗಳಿಸುವಂತಿಲ್ಲ ಎಂಬುದು ಇನ್ನೊಂದು. ಅಂಕೋಲೆಯ ಮಗ, ಚುಟುಕು ಕವಿ ದಿನಕರ ದೇಸಾಯಿ (1909–1982) ಈ ಸಮಾಜದ ಸದಸ್ಯರಾಗಿದ್ದರು. ಮುಂಬಯಿಯಲ್ಲಿ ಹಡಗಿನ ಕಾರ್ಮಿಕರನ್ನೂ ತಮ್ಮ ಜಿಲ್ಲೆಯಲ್ಲಿ ರೈತರನ್ನೂ ಸಂಘಟಿಸಿದವರು. ರೈತಕೂಟದ ಚಳವಳಿಗಾಗಿ ಬ್ರಿಟಿಷ್ ಸರಕಾರ 1940ರಲ್ಲಿ ಅವರನ್ನು ಜಿಲ್ಲೆಯಿಂದಲೇ ಗಡೀಪಾರು ಮಾಡಿತು. 1953ರಲ್ಲಿ ಅವರು ಕೆನರಾ ವೆಲ್‌ಫೇರ್ ಟ್ರಸ್ಟ್ ಸ್ಥಾಪಿಸಿ ಶಾಲೆಗಳನ್ನು ತೆರೆದರು. ಗೋಖಲೆಯವರ ಜನ್ಮಶತಾಬ್ದಿಯ 1966ರಲ್ಲಿ ಅಂಕೋಲೆಗೆ ಗೋಖಲೆ ಸೆಂಟಿನರಿ ಕಾಲೇಜು ಬಂತು. ಒಂದೇ ವರ್ಷ ಹುಟ್ಟಿದ ಎರಡು ಬಳಗಗಳು. ಒಂದರ ಸೂತ್ರ ಸರದಿ, ಇನ್ನೊಂದರದು ಬಿಟ್ಟುಕೊಡುವುದು. ಆದರೆ ಅಂಕೋಲೆಯ ಆ ಮಾಮಿ ಎರಡಕ್ಕೂ ಸೇರಿದವಳಲ್ಲ; ಅವಳ ಕೊರಳಲ್ಲಿ ಬಿಲ್ಲೆಯಿರಲಿಲ್ಲ, ಅವಳಿಂದ ಯಾರೂ ಪ್ರತಿಜ್ಞೆ ಬರೆಸಿಕೊಂಡಿರಲಿಲ್ಲ.

ಬಿಲ್ಲೆಯ ಮಾತು ಬಂದಾಗ ಇನ್ನೊಂದು ನೆನಪು. ಸಮಾವೇಶದಲ್ಲಿ ಅಕ್ಕನ ಸೀರೆಗೆ ಚುಚ್ಚಿದ್ದ ಗುರುತಿನ ಚೀಟಿಯಲ್ಲಿ ಅವರ ಹೆಸರಿನ ಹಿಂದೆ ‘ಆ್ಯನ್’ ಎಂದಿತ್ತು. ರೋಟರಿ ಸದಸ್ಯರ ಹೆಂಡತಿಯರನ್ನು ಕರೆಯುವ ರೀತಿ ಅದು. ಹೆಂಗಸರಿಗೆ ಸದಸ್ಯತ್ವ ಇರಲಿಲ್ಲ. ಅಮೆರಿಕದ ಸರ್ವೋಚ್ಚ ನ್ಯಾಯಾಲಯದ 1987ರ ತೀರ್ಪಿನ ಬಳಿಕ, 1989ರಲ್ಲಿ ಸಂಸ್ಥೆ ತನ್ನ ನಿಯಮವನ್ನು ಬದಲಿಸಿತು. ಸಮಾರೋಪದಲ್ಲಿ ಆತಿಥ್ಯಕ್ಕಾಗಿ ಎಲ್ಲ ಯಜಮಾನರಿಗೂ ನೆನಪಿನ ಕಾಣಿಕೆ ಕೊಟ್ಟರು. ಅಕ್ಕ ಕೆಳಗೆ ಕುಳಿತು ಚಪ್ಪಾಳೆ ತಟ್ಟಿದರು.

ಹೊರಡುವ ದಿನ ನಾನು ಕಾಳಿ ಸೇತುವೆಯನ್ನೂ ಕಡಲತೀರವನ್ನೂ ನೋಡಿ ಬಂದೆ. ಆ ತೀರಕ್ಕೆ ರವೀಂದ್ರನಾಥ ಟಾಗೋರರ ಹೆಸರಿದೆ. 1883ರಲ್ಲಿ, ಇಪ್ಪತ್ತೆರಡರ ಪ್ರಾಯದಲ್ಲಿ, ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಅವರು ಅತಿಥಿಯಾಗಿ ಬಂದಿದ್ದರು. ‘ಪ್ರಕೃತಿಯ ಪ್ರತಿಶೋಧ’ ನಾಟಕವನ್ನು ಇಲ್ಲಿಯೇ ಬರೆದರು. ತಮ್ಮ ಸ್ಮೃತಿಗಳಲ್ಲಿ ಅವರು ಬೆಳದಿಂಗಳಲ್ಲಿ ಕಾಳಿ ನದಿಯ ಮೇಲೆ ದೋಣಿಯಲ್ಲಿ ಹೋದದ್ದನ್ನೂ, ದಂಡೆಗಿಳಿದು ಒಬ್ಬ ರೈತನ ಚೊಕ್ಕಟವಾದ ಅಂಗಳದಲ್ಲಿ ಕುಳಿತು ತಾವು ತಂದ ಬುತ್ತಿ ಉಂಡದ್ದನ್ನೂ ನೆನೆದಿದ್ದಾರೆ. ನಾನು ಆ ಪುಸ್ತಕ ಓದಿದ್ದು ಈ ಪ್ರವಾಸವಾಗಿ ಎಷ್ಟೋ ವರ್ಷಗಳ ನಂತರ. ಓದಿದಾಗ ಮೊದಲು ಅನಿಸಿದ್ದು, ಆ ರೈತನ ಹೆಸರೇನಿದ್ದೀತು ಎಂದು.

ಬಸ್ಸು ಹತ್ತುವಾಗ ನಾನು ಯಜಮಾನರಿಗೆ, “ಮುಂದಿನ ಸರದಿ ನಮ್ಮದು. ಧಾರವಾಡಕ್ಕೆ ಬಂದರೆ ನಮ್ಮ ಮನೆಯಲ್ಲೇ ಇಳಿಯಬೇಕು” ಎಂದು ಹೇಳಿದೆ. ಭಾಷಣ ಕೇಳಿ ಕಲಿತ ಮಾತು.

ಅದೇ ವರ್ಷ ಅಕ್ಟೋಬರ್ 24ರಂದು ಪ್ರಧಾನಿ ರಾಜೀವ್ ಗಾಂಧಿಯವರು ಕಾರವಾರದ ಬಳಿ ‘ಸೀಬರ್ಡ್’ ನೌಕಾನೆಲೆಗೆ ಅಡಿಗಲ್ಲು ಹಾಕಿದರು. ಕಾರವಾರ ಮತ್ತು ಅಂಕೋಲೆ ತಾಲೂಕುಗಳ ಕರಾವಳಿಯಲ್ಲಿ ಹನ್ನೊಂದು ಸಾವಿರ ಎಕರೆಗೂ ಹೆಚ್ಚಿನ ನೆಲ ಅದಕ್ಕಾಗಿ ಹೋಯಿತು. ಬಿಣಗಾ, ಅರಗಾದಂಥ ಊರುಗಳ ನಾಲ್ಕು ಸಾವಿರಕ್ಕೂ ಮಿಕ್ಕ ಕುಟುಂಬಗಳು ಎದ್ದು ಹೋಗಬೇಕಾಯಿತು. ದೇಶದ ರಕ್ಷಣೆಗೆ ನೌಕಾನೆಲೆ ಬೇಕು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಮುಂಬಯಿಯ ಬಂದರು ಕಿಕ್ಕಿರಿದಿತ್ತು, ಇಲ್ಲಿ ಆಳವಾದ ನೀರು, ಗುಡ್ಡಗಳ ಮರೆ ಎರಡೂ ಇದ್ದವು. 2005ರ ಮೇ 31ರಂದು ನೆಲೆ ಕಾರ್ಯಾರಂಭ ಮಾಡಿದಾಗ ಅದಕ್ಕೆ ‘ಐಎನ್ಎಸ್ ಕದಂಬ’ ಎಂದು ಹೆಸರಿಟ್ಟರು. ಬನವಾಸಿಯ ಹೆಸರು ಸಮುದ್ರ ಸೇರಿದ್ದು ಕಂಡು ಇತಿಹಾಸದ ಮೇಷ್ಟ್ರಾದ ನನಗೆ ಹೆಮ್ಮೆಯೂ ಆಯಿತು. ಆದರೆ 1932ರಲ್ಲಿ ಹೋದ ಗದ್ದೆ ಕೆಲವೇ ವರ್ಷಗಳಲ್ಲಿ ಮರಳಿತ್ತು. ಈ ಬಾರಿ ಹೋದದ್ದು ಮರಳುವಂಥದ್ದಲ್ಲ. ಪರಿಹಾರದ ಮೊತ್ತದ ವ್ಯಾಜ್ಯಗಳೂ ದಶಕಗಟ್ಟಲೆ ಎಳೆದವು.

1999ರ ಅಕ್ಟೋಬರಿನಲ್ಲಿ ಯಜಮಾನರಿಂದ ಒಂದು ಇನ್‌ಲ್ಯಾಂಡ್ ಪತ್ರ ಬಂತು. ಅಜ್ಜ ಎರಡು ವರ್ಷಗಳ ಹಿಂದೆ ಆ ಮನೆಯಲ್ಲೇ ಕಣ್ಣು ಮುಚ್ಚಿದರು, ಈ ಸಲದ ತುಳಸಿ ಹಬ್ಬ ಈ ಅಂಗಳದಲ್ಲಿ ಕೊನೆಯದು, ತಾವು ಬಂದರೆ ಸಂತೋಷ ಎಂದು ಬರೆದಿದ್ದರು. ನನಗೆ ಅರ್ಧವಾರ್ಷಿಕ ಪರೀಕ್ಷೆಯ ಪೇಪರುಗಳಿದ್ದವು. ರಜೆ ಕೇಳಿದ್ದರೆ ಸಿಗುತ್ತಿತ್ತು, ಕೇಳಲಿಲ್ಲ. ಹಬ್ಬ ಮುಗಿದ ಮೇಲೆ ಒಂದು ಕಾರ್ಡು ಬರೆದೆ. ಅದಕ್ಕೆ ಉತ್ತರ ಬರಲಿಲ್ಲ. ಬಹುಶಃ ವಿಳಾಸವೇ ಆಗ ಇಲ್ಲವಾಗಿತ್ತು.

ಸೇತುವೆ ಬಿದ್ದ ಮೇಲೆ ಮನಸ್ಸು ತಡೆಯಲಿಲ್ಲ. ಅಂಕೋಲೆಯಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬನ ಮೂಲಕ ವಿಚಾರಿಸಿ, ಆ ಡಿಸೆಂಬರಿನಲ್ಲಿ ಹೋದೆ. ಯಜಮಾನರು ತೀರಿಕೊಂಡಿದ್ದರು. ಅಕ್ಕ ಮಗನೊಂದಿಗೆ ನಿರಾಶ್ರಿತರ ಕಾಲೊನಿಯ ಮನೆಯಲ್ಲಿದ್ದಾರೆ. ಅಂದು ಮೀನಿಗಾಗಿ ಗೊಣಗಿದ್ದ ಹುಡುಗನೇ ಈಗ ನರೆತ ಕೂದಲಿನ ಮಗ. ಅಲ್ಲಿಯೂ ಸಾರಿಸಿದ ಅಂಗಳವಿತ್ತು, ತುಳಸಿಕಟ್ಟೆ ಸಿಮೆಂಟಿನದು. ಸಮುದ್ರದ ಸದ್ದು ಕೇಳಿಸುವುದಿಲ್ಲ. ಮಾತಿನ ನಡುವೆ ಮಗ, ಪರಿಹಾರದ ಕೇಸಿಗೆ ಧಾರವಾಡದ ಹೈಕೋರ್ಟಿಗೆ ಅಪ್ಪನೂ ತಾನೂ ಐದಾರು ಸಲ ಬಂದಿದ್ದೆವೆಂದ. ಆ ಪೀಠ ಆರಂಭವಾದದ್ದು 2008ರಲ್ಲಿ. ಆ ವೇಳೆಗೆ ನಾನು ಧಾರವಾಡದಲ್ಲಿ ಮನೆ ಕಟ್ಟಿಸಿ ನೆಲೆಸಿದ್ದೆ. ಎಲ್ಲಿ ಇಳಿದುಕೊಳ್ಳುತ್ತಿದ್ದಿರಿ ಎಂದು ಕೇಳಿದೆ. ಬಸ್ ನಿಲ್ದಾಣದ ಹತ್ತಿರದ ಒಂದು ಲಾಡ್ಜಿನಲ್ಲಂತೆ.

“ನಮ್ಮ ಮನಿಗೆ ಯಾಕ ಬರಲಿಲ್ಲಪ್ಪಾ?”

“ಅಪ್ಪ ಹೇಳ್ತಿದ್ರು, ಮಾಸ್ತರು ಅಲ್ಲೇ ಇದ್ರು ಅಂತ. ಕೋರ್ಟಿನ ಕೆಲಸಕ್ಕೆ ಬಂದವ್ರು ಮನೆಗೆ ಹೋಗಿ ತೊಂದ್ರೆ ಕೊಡುದು ಬ್ಯಾಡ ಅಂದ್ರು.”

ನಾನು ತಂದಿದ್ದ ಕಟಕ ರೊಟ್ಟಿಯ ಗಂಟನ್ನು ಅಕ್ಕನ ಕೈಗೆ ಕೊಟ್ಟೆ. ನನ್ನ ಹೆಂಡತಿ ತಟ್ಟಿದ್ದು, ನಲವತ್ತು ಇದ್ದವು. ಅಕ್ಕ ಒಂದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಅಂಚು ಎಲ್ಲಿಯೂ ಹರಿದಿರಲಿಲ್ಲ. “ಇಷ್ಟು ತೆಳು ಹೇಂಗ್ ತಟ್ಟುದು ಮಾಸ್ತರೆ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಳಗೆ ನಡೆದರು. ಸೊಸೆಗೆ ಏನೋ ಹೇಳಿದ್ದು ಕೇಳಿಸಿತು. ಅಂದು ರಾತ್ರಿಯೂ ಆ ಮನೆಯ ಒಲೆಯ ಮೇಲೆ ಮೀನು ಏರಲಿಲ್ಲ.